ಜೇಬಿನಲ್ಲಿಟ್ಟ ಒಳ್ಳೆಯ ಪೀಸು

ನನ್ನ ಕಾಯಿಲೆ ಮೊದಲು ಕಾಣಿಸಿಕೊಂಡದ್ದು ಎಡಗಿವಿಯಲ್ಲಿ. ಒಂದು ಬೆಳಿಗ್ಗೆ ಗಡ್ಡ ಹೆರೆಯುತ್ತ ಕನ್ನಡಿ ನೋಡಿದರೆ ಕಿವಿಯ ಮೇಲ್ಭಾಗ ಕೆಂಪಗೆ ಊದಿಕೊಂಡಿತ್ತು. ಮುಟ್ಟಿದರೆ ಉರಿ. ಓಲೆ ಹಾಕುವ ಜಾಗದ ಮೆತ್ತನೆಯ ತುದಿಗೆ ಮಾತ್ರ ಏನೂ ಆಗಿರಲಿಲ್ಲ. ಹೆಂಡತಿ ಮಂಗಳ ಬಾಗಿ ನೋಡಿ, "ಏನೋ ಹುಳ ಕಚ್ಚಿದೆ ಕಣ್ರೀ, ಸುಣ್ಣ ಹಚ್ತೀನಿ ಇರಿ" ಅಂದಳು. ಕಾರ್ಖಾನೆಯ ಗೇಟಿನಲ್ಲಿ ಸೆಕ್ಯುರಿಟಿಯವನು, "ಏನ್ ರಾಮಣ್ಣ, ಅತ್ತಿಗೆ ಕಿವಿ ಹಿಂಡಿದ್ರಾ?" ಎಂದು ನಕ್ಕ. ನಾನೂ ನಕ್ಕೆ. ವಾರದಲ್ಲಿ ಊತ ಇಳಿಯಿತು. ತಿಂಗಳು ಬಿಟ್ಟು ಬಲಗಿವಿಗೆ ಬಂತು.

ಈ ಕಾಯಿಲೆ ಇರುವವರು ಹೆಚ್ಚು ಜನ ಇಲ್ಲ. ಆಸ್ಪತ್ರೆಯಲ್ಲಿ ಪಕ್ಕದ ಕುರ್ಚಿಯವರನ್ನು ಮಾತಾಡಿಸಿದಾಗ "ನಂಗೂ ಅದೇ" ಎನ್ನುವ ಮಾತು ನನಗೆ ಒಂದು ದಿನವೂ ಕೇಳಲು ಸಿಗಲಿಲ್ಲ. ಎಲ್ಲೋ ಒಬ್ಬರಿಗಾದರೂ ಆ ಮಾತು ಸಿಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಆದರೆ ಈ ಕಾಯಿಲೆಯ ಜೊತೆಗೆ ನಾನು ಮಾಡಿದ ಒಂದು ತಪ್ಪೂ ಹೆಣೆದುಕೊಂಡಿದೆ. ಅದನ್ನು ಬಿಟ್ಟು ಬರೆದರೆ ಅದೇ ತಪ್ಪನ್ನು ಎರಡನೇ ಸಲ ಮಾಡಿದ ಹಾಗಾಗುತ್ತದೆ.

ಪೀಣ್ಯದಲ್ಲಿ ಪಂಪು, ವಾಲ್ವುಗಳ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ನಾನು ಇಪ್ಪತ್ತೊಂಬತ್ತು ವರ್ಷ ಇನ್‌ಸ್ಪೆಕ್ಟರ್ ಆಗಿದ್ದೆ. ಮಿಷಿನ್ನಿನಿಂದ ಇಳಿದ ಪೀಸುಗಳನ್ನು ಅಳೆದು, ಸರಿ ಇದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಚೀಟಿ ಕಟ್ಟುವುದು ನನ್ನ ಕೆಲಸ. ಚೀಟಿ ಕಟ್ಟದ ಪೀಸು ನನ್ನ ಟೇಬಲ್ಲು ದಾಟಿ ಹೋಗಕೂಡದು. ಪ್ರತಿ ಚೀಟಿಯ ಮೇಲೂ ನನ್ನ ನಂಬರಿನ ಮೊಹರು ಬೀಳುತ್ತಿತ್ತು. ಆ ಪುಟ್ಟ ಮೊಹರನ್ನು ನಾನು ಊಟಕ್ಕೆ ಹೋಗುವಾಗಲೂ ಜೇಬಿನಲ್ಲಿ ಇಟ್ಟುಕೊಂಡೇ ಹೋಗುತ್ತಿದ್ದೆ. ನನ್ನನ್ನು ಕಂಡರೆ ಆಗದವರೇ ಜಾಸ್ತಿ, ಅದರಲ್ಲಿ ನನಗೆ ಒಂದಿಷ್ಟು ಖುಷಿಯೂ ಇತ್ತು.

ನಮ್ಮ ಕಡೆ ಆಪರೇಟರುಗಳದ್ದೊಂದು ಹಳೆಯ ಚಾಳಿ ಇದೆ. ಮಿಷಿನ್ನು ಸರಿಯಾಗಿ ನಡೆಯುತ್ತಿದ್ದಾಗ ಇಳಿದ ಒಂದು ಅಚ್ಚುಕಟ್ಟಾದ ಪೀಸನ್ನು ಜೇಬಿನಲ್ಲಿ ಇಟ್ಟುಕೊಂಡಿರುತ್ತಾರೆ. ಇನ್‌ಸ್ಪೆಕ್ಟರ್ ಬಂದಾಗ ಅದನ್ನೇ ಈಗ ತಾನೇ ಇಳಿದದ್ದು ಎಂಬಂತೆ ಕೈಗೆ ಕೊಡುತ್ತಾರೆ. ಹೊಸ ಇನ್‌ಸ್ಪೆಕ್ಟರುಗಳು ಅದನ್ನು ಅಳೆದು, ಇಡೀ ಬುಟ್ಟಿಗೆ ಹಸಿರು ಚೀಟಿ ಕಟ್ಟಿ ಹೋಗುತ್ತಾರೆ. ನಾನು ಮಾತ್ರ ಯಾರ ಕೈಯಿಂದಲೂ ಪೀಸು ತೆಗೆದುಕೊಳ್ಳುತ್ತಿರಲಿಲ್ಲ. ಬುಟ್ಟಿಯ ಅಡಿಗೆ ನಾನೇ ಕೈಹಾಕಿ ತೆಗೆಯುತ್ತಿದ್ದೆ. ಗ್ರೈಂಡಿಂಗ್ ಮಿಷಿನ್ನಿನ ನಿಂಗಪ್ಪ ಸೇರಿದ ಹೊಸತರಲ್ಲಿ ಹಾಗೆ ಕೊಡಲು ಬಂದು ನನ್ನ ಕೈಗೆ ಸಿಕ್ಕಿಬಿದ್ದಿದ್ದ. ಬಾದಾಮಿ ಕಡೆಯವನು, ಆಗ ಅವನಿಗೆ ಮೂವತ್ತೂ ಆಗಿರಲಿಲ್ಲ. ಎಲ್ಲರ ಮುಂದೆ ಅವನ ಜೇಬು ಖಾಲಿ ಮಾಡಿಸಿ, "ಇದು ನಿನ್ನ ಕೆಲಸ ಅಲ್ಲ, ನಿನ್ನ ಫೋಟೊ" ಎಂದು ಬೈದಿದ್ದೆ. ಆಮೇಲೆ ಅವನು ಆ ಚಾಳಿ ಬಿಟ್ಟ. ವಿಚಿತ್ರವೆಂದರೆ ನನ್ನ ಮೇಲೆ ಅವನಿಗೆ ಸಿಟ್ಟು ಬರಲಿಲ್ಲ, ಗೌರವ ಬಂತು.

ಕಿವಿಯ ನಂತರ ಜ್ವರ ಶುರುವಾಯಿತು. ಸಂಜೆ ನಾಲ್ಕರ ಸುಮಾರಿಗೆ ಮೈ ಬೆಚ್ಚಗಾಗಿ, ಮೊಣಕಾಲು ನೋಯುತ್ತಿತ್ತು. ಬೆನ್ನ ಮೇಲೆ ಕೆಂಪು ಗಂಟುಗಳು ಏಳುತ್ತಿದ್ದವು. ಇನ್‌ಸ್ಪೆಕ್ಷನ್ ರೂಮಿಗೆ ಹನ್ನೆರಡು ಮೆಟ್ಟಿಲು. ಅಷ್ಟು ಹತ್ತಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಅಳತೆಯ ಗೇಜುಗಳ ಡ್ರಾಯರಿನಲ್ಲಿ ಜ್ವರದ ಮಾತ್ರೆಯ ಹಾಳೆ ಇಟ್ಟುಕೊಂಡು, ಮೂರೂವರೆಗೇ ಒಂದು ನುಂಗುತ್ತಿದ್ದೆ. ರಾಜಗೋಪಾಲನಗರದ ನಮ್ಮ ಬೀದಿಯ ಡಾಕ್ಟರು ವೈರಲ್ ಎಂದರು, ಮುಂದಿನ ಸಲ ವಯಸ್ಸು ಎಂದರು. ಎರಡನ್ನೂ ನಂಬಿದೆ. ನಂಬುವುದು ಅನುಕೂಲವಾಗಿತ್ತು.

ಆ ವರ್ಷ ಕಾರ್ಖಾನೆಯಲ್ಲಿ ಐವತ್ತೈದು ದಾಟಿದವರಿಗೆಲ್ಲ ರಕ್ತಪರೀಕ್ಷೆ ಎಂದು ನೋಟಿಸು ಹಾಕಿದರು. ಇದರ ಅರ್ಥ ನಮಗೆಲ್ಲ ಗೊತ್ತಿತ್ತು. ಹಿಂದಿನ ವರ್ಷ ಸ್ಟೋರ್ಸಿನ ಒಬ್ಬರನ್ನು ರಿಪೋರ್ಟು ಬಂದ ತಿಂಗಳೊಳಗೆ ಶಾಲು ಹೊದಿಸಿ ಮನೆಗೆ ಕಳಿಸಿದ್ದರು. ಆತ ಆಮೇಲೂ ಬೆಳಗಿನ ಶಿಫ್ಟಿನ ಹೊತ್ತಿಗೆ ಸರಿಯಾಗಿ ನಮ್ಮ ಬಸ್ ಸ್ಟಾಪಿಗೆ ಬಂದು ನಿಲ್ಲುತ್ತಿದ್ದರು. ಎಲ್ಲರೂ ಹತ್ತಿದ ಮೇಲೆ ಮನೆಗೆ ವಾಪಸ್ ನಡೆದು ಹೋಗುತ್ತಿದ್ದರು. ನನಗೆ ಸಾವಿನ ಭಯ ಆಗ ಇರಲಿಲ್ಲ. ಆ ಬಸ್ ಸ್ಟಾಪಿನ ಭಯವಿತ್ತು, ನನ್ನ ಮೊಹರು ಇನ್ನೊಬ್ಬನ ಕೈಗೆ ಹೋಗುತ್ತದೆ ಎಂಬ ಭಯವಿತ್ತು.

ರಕ್ತಪರೀಕ್ಷೆಯ ಹಿಂದಿನ ದಿನ ಟೀ ಹೊತ್ತಿನಲ್ಲಿ ನಿಂಗಪ್ಪನನ್ನು ಪಕ್ಕಕ್ಕೆ ಕರೆದೆ. ಅವನಿಗೆ ನಲವತ್ತನಾಲ್ಕು, ಆದರೆ ತಲೆ ಆಗಲೇ ಬೆಳ್ಳಗಾಗಿತ್ತು. ನಾಳೆ ನನ್ನ ಹೆಸರಿನಲ್ಲಿ ಅವನು ರಕ್ತ ಕೊಡಬೇಕು ಎಂದೆ. ಅವನು ಟೀ ಲೋಟ ಕೆಳಗಿಟ್ಟ.

"ಸೂಜಿ ಚುಚ್ಚಿಸ್ಕೊಳ್ಳೋದು ನನಗ ಏನ ದೊಡ್ಡದಲ್ರಿ ಸರ. ಆದ್ರ ಇದನ್ನ ನೀವು ಹೇಳಾಕತ್ತೀರಲ್ರಿ, ಅದ ನಂಬಾಕ ಆಗವಲ್ದು."

"ಒಂದ್ ವರ್ಷದ್ ಮಾತು ಕಣೋ. ಆಮೇಲೆ ಹೆಂಗೂ ರಿಟೈರ್ಡು."

"ಮೈಯಾಗ ಏನರ ಇದ್ದೀತು ಸರ. ತೋರಿಸ್ಕೋರಿ."

"ತೋರಿಸ್ಕೊಳ್ತೀನಿ. ಇದೊಂದು ಮುಗೀಲಿ."

ಅವನು ಇಲ್ಲ ಎನ್ನಲಾರ ಎಂದು ಗೊತ್ತಿದ್ದೇ ಅವನನ್ನು ಆರಿಸಿಕೊಂಡಿದ್ದೆ. ಮಾರನೆಯ ದಿನ ಕ್ಯಾಂಟೀನಿನಲ್ಲಿ ಲ್ಯಾಬಿನವರು ಟೇಬಲ್ಲು ಹಾಕಿ ಕೂತರು. ಹೆಸರು ಕೂಗಿದರು, ಯಾರೂ ಮುಖ ನೋಡಲಿಲ್ಲ. ನನ್ನ ಹೆಸರಿಗೆ ನಿಂಗಪ್ಪ ಎದ್ದು ಹೋಗಿ ತೋಳು ಚಾಚಿದ. ವಾರ ಕಳೆದು ರಿಪೋರ್ಟು ಬಂತು, ಎಲ್ಲವೂ ನಾರ್ಮಲ್. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಮೇಯ್ದದ್ದು ಯಾರಿಗೂ ಕಾಣಲಿಲ್ಲ. ಹೊಸ ಗುರುತಿನ ಚೀಟಿ ಬಂದಾಗ ಅದರಲ್ಲಿ ನನ್ನ ರಕ್ತದ ಗುಂಪು ಬಿ ಪಾಸಿಟಿವ್ ಎಂದು ಅಚ್ಚಾಗಿತ್ತು. ನನ್ನದು ಓ. ಇಪ್ಪತ್ತೊಂಬತ್ತು ವರ್ಷ ಕೂದಲೆಳೆಯ ವ್ಯತ್ಯಾಸಕ್ಕೆ ಜನರ ಪ್ರಾಣ ತಿಂದವನು ಕಾರ್ಡನ್ನು ತಿರುಗಿಸಿ ಕೊರಳಿಗೆ ಹಾಕಿಕೊಂಡೆ.

ಮಂಗಳ ಮಾತ್ರ ಆ ರಿಪೋರ್ಟು ನೋಡಿ ದೇವರ ಮುಂದಿಟ್ಟು ದೀಪ ಹಚ್ಚಿದಳು.

ಐದು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಆ ಹನ್ನೆರಡು ಮೆಟ್ಟಿಲಿನ ಏಳನೆಯದರಲ್ಲಿ ಕುಸಿದು ಕೂತೆ. ಹತ್ತಿರದ ಆಸ್ಪತ್ರೆಗೆ ಸೇರಿಸಿದರು. ರಕ್ತ ಕಡಿಮೆ, ಶ್ವಾಸಕೋಶದಲ್ಲಿ ನೆರಳು, ಜ್ವರ ನೂರೆರಡು. ಫಿಸಿಶಿಯನ್ ವಯಸ್ಸಾದವರು, ನಿಧಾನ ಮಾತಿನವರು. ಅವರ ಮುಂದೆ ಮಂಗಳ ಪ್ಲಾಸ್ಟಿಕ್ ಚೀಲದಿಂದ ಆ ರಿಪೋರ್ಟನ್ನು ಜೋಪಾನವಾಗಿ ತೆಗೆದಳು. ಅದರ ಮೂಲೆಯಲ್ಲಿ ಕುಂಕುಮ ಹತ್ತಿತ್ತು.

"ನೋಡಿ ಸಾರ್, ಐದ್ ತಿಂಗಳ ಹಿಂದೆ ಎಷ್ಟ್ ಚೆನ್ನಾಗಿದ್ರು. ಯಾರ್ ಕಣ್ ಬಿತ್ತೋ."

ಡಾಕ್ಟರು ಅದನ್ನೂ ಅಂದಿನ ರಿಪೋರ್ಟನ್ನೂ ಅಕ್ಕಪಕ್ಕ ಇಟ್ಟು ನೋಡಿದರು. "ಐದೇ ತಿಂಗಳಲ್ಲಿ ಇಷ್ಟು ಇಳಿದಿದೆ ಅಂದ್ರೆ ಮೂಳೆ ಮಜ್ಜೆದಲ್ಲ ಅನ್ಸುತ್ತೆ ಅಮ್ಮ. ಅದು ನಿಧಾನಕ್ಕೆ ಬರೋದು. ಇದು ಹೊಸದು. ಟಿಬಿ ಇರ್ಬೇಕು, ಇಲ್ಲಾ ಹೊಟ್ಟೇಲಿ ಎಲ್ಲೋ ರಕ್ತ ಹೋಗ್ತಿದೆ."

ಆಗ ಬಾಯಿ ಬಿಡಬೇಕಿತ್ತು. ಮಂಗಳ ಪಕ್ಕದಲ್ಲಿದ್ದಳು, ಆ ಕುಂಕುಮ ಕಣ್ಣೆದುರಿಗಿತ್ತು. ನಾಳೆ ಒಬ್ಬನೇ ಇದ್ದಾಗ ಹೇಳಿದರಾಯಿತು ಎಂದುಕೊಂಡೆ. ನಾಳೆ ಹೊಟ್ಟೆಗೆ ಟ್ಯೂಬು ಇಳಿಸಿದರು, ನಾಡಿದ್ದು ಹಿಂದಿನಿಂದ ಇಳಿಸಿದರು. ಎಲ್ಲೂ ರಕ್ತ ಹೋಗುತ್ತಿರಲಿಲ್ಲ. ಕಫದಲ್ಲಿ ಟಿಬಿ ಸಿಗಲಿಲ್ಲ. ಆದರೂ ನೆರಳು, ಜ್ವರ, ತೂಕ ಇಳಿದದ್ದು ಎಲ್ಲ ನೋಡಿ ಟಿಬಿ ಮಾತ್ರೆ ಶುರು ಮಾಡಿದರು. ನಮ್ಮ ಮನೆಯಲ್ಲಿ ನನ್ನ ತಟ್ಟೆ ಲೋಟ ಬೇರೆಯಾದವು. ಮಂಗಳ ಬೇರೆ ಮಾಡಲಿಲ್ಲ, ನಾನೇ ಮಾಡಿಕೊಂಡೆ. ಮಗಳು ಚೈತ್ರಾ ನೆಲಮಂಗಲದ ಕಾಲೇಜಿನಲ್ಲಿ ಲೆಕ್ಕದ ಮೇಡಂ. ತನ್ನ ಚಿಕ್ಕ ಮಗುವನ್ನು ಬಾಗಿಲಲ್ಲೇ ಎತ್ತಿ ಹಿಡಿದು ತೋರಿಸಿ, "ತಾತಂಗೆ ಟಾಟಾ ಮಾಡು" ಎಂದು ಹೇಳಿ ಹೋಗುತ್ತಿದ್ದಳು. ಆರು ತಿಂಗಳು ಆ ಮಾತ್ರೆಯ ಬಣ್ಣಕ್ಕೆ ಕೆಂಪು ಮೂತ್ರ ಹೊಯ್ದೆ. ಕೀಲುಗಳು ಹಿಡಿದುಕೊಂಡವು, ವಾಂತಿಯಾಯಿತು, ಜ್ವರ ಮಾತ್ರ ಸಂಜೆ ನಾಲ್ಕಕ್ಕೆ ತಪ್ಪದೆ ಬಂತು. ಇಲ್ಲದ ಕಾಯಿಲೆಗೆ ಮಾತ್ರೆ ನುಂಗುತ್ತಿರಬಹುದು ಎಂಬ ಸಂಶಯ ಇಡೀ ಮನೆಯಲ್ಲಿ ನನಗೊಬ್ಬನಿಗೇ ಇತ್ತು.

ನೀವು ಕೇಳಬಹುದು, ಆಗಲಾದರೂ ಯಾಕೆ ಹೇಳಲಿಲ್ಲ ಎಂದು. ಚೈತ್ರಾಳೂ ಕೇಳಿದಳು. ದಿನ ಕಳೆದಷ್ಟೂ ಸುಳ್ಳು ದೊಡ್ಡದಾಗುತ್ತದೆ, ಹೇಳುವ ಬಾಯಿ ಸಣ್ಣದಾಗುತ್ತದೆ. ಇದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ.

ಎರಡನೇ ಆಸ್ಪತ್ರೆ ವೈಟ್‌ಫೀಲ್ಡಿನ ಕಡೆ. ಅಲ್ಲೊಬ್ಬ ರಕ್ತದ ಡಾಕ್ಟರ್ ಇದ್ದಾರೆಂದು ಚೈತ್ರಾ ಹುಡುಕಿದಳು. ಪೀಣ್ಯದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ, ಊರಿನ ಆ ತುದಿಯಿಂದ ಈ ತುದಿಗೆ ಬಂದೆವು. ಮೆಜೆಸ್ಟಿಕ್ಕಿನಲ್ಲಿ ರೈಲು ಬದಲಾಯಿಸುವ ನಡಿಗೆ ನನ್ನಿಂದಾಗಲಿಲ್ಲ. ಮೂರು ಸಲ ಗೋಡೆಗೊರಗಿ ನಿಂತೆ. ರೈಲಿನೊಳಗೆ, ಕೊರಳಲ್ಲಿ ಕಾರ್ಡು ಹಾಕಿಕೊಂಡ ಒಬ್ಬಳು ಹುಡುಗಿ ನನ್ನ ಮುಖ ನೋಡಿ ಎದ್ದು ಸೀಟು ಬಿಟ್ಟಳು. ನನಗೆ ಯಾರೋ ಸೀಟು ಬಿಟ್ಟುಕೊಟ್ಟದ್ದು ಅದೇ ಮೊದಲು. ನಾಚಿಕೆಯಾಯಿತು, ಕೂತೆ.

ಅಲ್ಲಿಯ ಡಾಕ್ಟರ್ ಮೇಡಂ ನನ್ನ ಕಣ್ಣ ರೆಪ್ಪೆ ಎಳೆದು ನೋಡಿ, ಕೂಡಲೇ ಸೇರಿಸಿಕೊಂಡರು. ಹಿಮೋಗ್ಲೋಬಿನ್ ಐದಕ್ಕೆ ಇಳಿದಿತ್ತು. ಮೊದಲು ರಕ್ತ ಕೊಡಬೇಕು, ಮಿಕ್ಕಿದ್ದು ಆಮೇಲೆ ಎಂದರು. ರೂಪಾ ಎಂಬ ಲ್ಯಾಬಿನ ಹುಡುಗಿ ಬಂದು ರಕ್ತ ತೆಗೆದಳು. ತುಮಕೂರಿನ ಕಡೆಯವಳು. "ಹೆಸ್ರು ಹೇಳಿ ಅಂಕಲ್" ಎಂದು ನನ್ನ ಬಾಯಲ್ಲೇ ಹೇಳಿಸಿ, ಕೈಪಟ್ಟಿ ನೋಡಿ, ನನ್ನ ಎದುರಿಗೇ ಟ್ಯೂಬಿಗೆ ಚೀಟಿ ಅಂಟಿಸಿ, ಬರೆದದ್ದನ್ನು ಮತ್ತೆ ಓದಿದಳು. ಕೆಲಸ ಬಲ್ಲ ಹುಡುಗಿ. ನಾನಾಗಿದ್ದರೆ ಅವಳಿಗೆ ಹಸಿರು ಚೀಟಿ ಕೊಡುತ್ತಿದ್ದೆ. ಪಕ್ಕದ ಹಾಸಿಗೆಯಲ್ಲಿದ್ದ ಮುದುಕರಿಂದಲೂ ತೆಗೆದುಕೊಂಡು ಹೋದಳು. ಅವರು ಆನೇಕಲ್ಲಿನವರು, ಅವರಿಗೂ ಅಂದೇ ರಕ್ತ ಬೇಕಿತ್ತು.

ಒಂದು ಗಂಟೆಯಾಯಿತು, ಎರಡಾಯಿತು. ರಕ್ತ ಬರಲಿಲ್ಲ. ಆನೇಕಲ್ಲಿನ ಮುದುಕರು ಬಾಯಿ ತೆರೆದು ಉಸಿರು ಎಳೆಯುತ್ತಿದ್ದರು. ಅವರ ಸೊಸೆ ಮತ್ತೆ ಮತ್ತೆ ಎದ್ದು ನರ್ಸುಗಳ ಟೇಬಲ್ಲಿಗೆ ಹೋಗಿ ಬರುತ್ತಿದ್ದಳು. ಕೊನೆಗೆ ಬಂದದ್ದು ರೂಪಾ, ಅವಳ ಹಿಂದೆ ಬ್ಲಡ್ ಬ್ಯಾಂಕಿನ ಹಿರಿಯರೊಬ್ಬರು. ಅವರ ಕೈಯಲ್ಲಿ ನನ್ನ ಫೈಲು. ಫೈಲಿನಲ್ಲಿ ಕುಂಕುಮ ಹತ್ತಿದ ಆ ರಿಪೋರ್ಟು.

"ಇಲ್ಲಿ ಬಿ ಅಂತಿದೆ. ನೀನು ತಂದಿರೋ ಸ್ಯಾಂಪಲ್ ಓ ಬರ್ತಿದೆ. ಪಕ್ಕದ ಪೇಷೆಂಟ್ ಕೂಡ ಓ. ಯಾರದ್ದನ್ನ ಯಾರ ಟ್ಯೂಬಿಗೆ ತುಂಬ್ದೆ?"

"ಇಲ್ಲ ಸಾರ್. ಹೆಸ್ರು ಕೇಳೇ ಹಾಕಿದ್ದು."

"ಎಲ್ರೂ ಅದನ್ನೇ ಹೇಳೋದು. ತಪ್ಪು ಗುಂಪು ಹೋದ್ರೆ ಪೇಷೆಂಟ್ ಸತ್ತೋಗ್ತಾನೆ, ಗೊತ್ತಾ? ಎರಡೂ ನಿಲ್ಸಿದೀನಿ. ನೀನು ಇನ್ಮೇಲೆ ವಾರ್ಡಿಗೆ ಬರ್ಬೇಡ. ಬೇರೆಯವರು ತೆಗೀತಾರೆ."

ರೂಪಾಳ ಕಣ್ಣು ತುಂಬಿಕೊಂಡಿತು. ಅವಳು ಟ್ಯೂಬಿನ ಚೀಟಿಯನ್ನೇ ಮತ್ತೆ ಮತ್ತೆ ಓದುತ್ತಿದ್ದಳು. ಎಷ್ಟೋ ಆಪರೇಟರುಗಳು ನನ್ನ ಎದುರಿಗೆ ಹೀಗೆ ನಿಂತು, ತಾವು ಮಾಡದ ತಪ್ಪು ತಮ್ಮ ಚೀಟಿಯ ಮೇಲೆ ಎಲ್ಲಿಂದ ಬಂತು ಎಂದು ಹುಡುಕಿದ್ದಾರೆ. ಸರಿಯಾಗಿ ಅಳೆದವಳನ್ನು ತಪ್ಪಿತಸ್ಥೆ ಮಾಡಿ, ಪಕ್ಕದ ಮುದುಕರ ರಕ್ತ ನಿಲ್ಲಿಸಿ, ಇನ್ನೂ ಸುಮ್ಮನಿದ್ದರೆ ನಾನು ಮನುಷ್ಯನೇ ಅಲ್ಲ.

"ಅವ್ಳು ತೆಗೆದಿದ್ದು ಸರಿಯಾಗಿದೆ ಸಾರ್" ಅಂದೆ. "ನಂದು ಓನೇ. ಆ ರಿಪೋರ್ಟ್ ನಂದಲ್ಲ."

"ಹೆಸ್ರು ನಿಮ್ದೇ ಇದೆಯಲ್ಲ?"

"ಹೆಸ್ರು ನಂದು. ರಕ್ತ ಬೇರೆಯವರದ್ದು. ನಾನೇ ಕೊಡಿಸಿದ್ದು."

ಆಮೇಲೆ ಎಲ್ಲವನ್ನೂ ಹೇಳಿದೆ, ಕ್ಯಾಂಟೀನಿನ ಟೇಬಲ್ಲು, ತಿರುಗಿಸಿದ ಕಾರ್ಡು, ಟಿಬಿ ಮಾತ್ರೆ ಎಲ್ಲ. ಹೇಳಿ ಮುಗಿದಾಗ ನೋಡಿದ್ದು ಮಂಗಳಳ ಮುಖವನ್ನು. ಅವಳು ಅಳಲಿಲ್ಲ. ಫೈಲಿನಿಂದ ಆ ರಿಪೋರ್ಟನ್ನು ತೆಗೆದು, ಸೆರಗಿನ ತುದಿಯಿಂದ ಮೂಲೆಯ ಕುಂಕುಮವನ್ನು ಉಜ್ಜಿ ಉಜ್ಜಿ ಒರೆಸಿದಳು. "ಯಾರ್ದೋ ರಕ್ತಕ್ಕೆ ದೀಪ ಹಚ್ಚಿದ್ನಲ್ರೀ" ಅಂದಳು. ಆಮೇಲೆ ಒಂಬತ್ತು ದಿನ ನನ್ನೊಡನೆ ಮಾತಾಡಲಿಲ್ಲ. ಊಟ ತಂದಳು, ಮೈ ಒರೆಸಿದಳು, ಬಟ್ಟೆ ಬದಲಾಯಿಸಿದಳು. ಮಾತು ಮಾತ್ರ ಇಲ್ಲ. ಕಾಯಿಲೆ ಕೊಟ್ಟ ನೋವುಗಳನ್ನೆಲ್ಲ ಒಟ್ಟುಗೂಡಿಸಿದರೂ ಆ ಒಂಬತ್ತು ದಿನಕ್ಕೆ ಸಮ ಬರಲಿಲ್ಲ.

ಇಬ್ಬರ ರಕ್ತವನ್ನೂ ಹೊಸದಾಗಿ ತೆಗೆದು ನೋಡಿದರು. ಇಬ್ಬರದೂ ಓ. ಅಂದೇ ಇಬ್ಬರಿಗೂ ರಕ್ತ ಏರಿಸಿದರು. ರೂಪಾಳನ್ನು ವಾರ್ಡಿಗೆ ವಾಪಸ್ ಬಿಟ್ಟರು.

ಮಾರನೆಯ ದಿನ ಡಾಕ್ಟರ್ ಮೇಡಂ ಕುರ್ಚಿ ಎಳೆದುಕೊಂಡು ಹಾಸಿಗೆಯ ಪಕ್ಕ ಕೂತರು. ಬೈಯಲಿಲ್ಲ. "ಈಗ ಮೊದಲಿಂದ ಹೇಳಿ. ಸುಸ್ತು ಯಾವಾಗ ಶುರುವಾಯ್ತು, ಕಿವಿ ಯಾವಾಗ ಊದಿತ್ತು, ಎಲ್ಲಾನೂ." ಕಿವಿಯ ಮಾತು ಬಂದಾಗ ಅವರ ಪೆನ್ನು ನಿಂತಿತು. ನನ್ನ ಕಿವಿಯನ್ನು ಬೆರಳಿನಿಂದ ಮಡಚಿ ನೋಡಿದರು. ಬೆನ್ನಿನ ಗಂಟು ನೋಡಿದರು. ಅಂದೇ ಸೊಂಟದ ಮೂಳೆಗೆ ದಪ್ಪ ಸೂಜಿ ಹಾಕಿ ಮಜ್ಜೆ ತೆಗೆದರು. ನೋವಾಗುತ್ತದೆ ಎಂದು ಮೊದಲೇ ಹೇಳಿದ್ದರು, ಹೇಳಿದ್ದಕ್ಕಿಂತ ಜಾಸ್ತಿ ಆಯಿತು. ಒಬ್ಬ ನರ್ಸು ಅಷ್ಟೂ ಹೊತ್ತು ನನ್ನ ಹೆಬ್ಬೆರಳು ಹಿಡಿದುಕೊಂಡಿದ್ದರು. ಅವರ ಹೆಸರನ್ನು ಕೇಳಲಿಲ್ಲ, ಈಗಲೂ ಅದಕ್ಕೆ ಬೇಜಾರಿದೆ.

ಮಜ್ಜೆಯ ಎಳೆ ಕಣಗಳ ಒಳಗೆ ಗುಳ್ಳೆಗಳಿದ್ದವು. ಫೋನಿನಲ್ಲಿ ಆ ಚಿತ್ರ ತೋರಿಸಿದರು. ನಾವು ಎರಕದ ಪೀಸು ಕತ್ತರಿಸಿದಾಗ ಒಳಗೆ ಗಾಳಿಗುಳ್ಳೆ ಕಂಡರೆ ಮಾತಿಲ್ಲದೆ ಕೆಂಪು ಚೀಟಿ ಕಟ್ಟುತ್ತೇವೆ. ಇದೂ ಹಾಗೇ ಕಾಣುತ್ತಿತ್ತು. ಖಚಿತ ಮಾಡಿಕೊಳ್ಳಲು ಜೀನ್ ಪರೀಕ್ಷೆಗೆ ಕಳಿಸಿದರು. ಅಷ್ಟರಲ್ಲಿ ಉರಿ ತಗ್ಗಿಸಲು ಸ್ಟೀರಾಯ್ಡು ಶುರು ಮಾಡಿದರು, ಫಲಿತಾಂಶಕ್ಕೆ ಐದು ವಾರ ಕಾದೆವು. ಕಾಯುವ ಹಾಲಿನಲ್ಲಿ ಟಿವಿ ಇತ್ತು, ಶಬ್ದ ಇರಲಿಲ್ಲ. ಟೋಕನ್ ನಂಬರು ಬಿದ್ದಾಗಲೆಲ್ಲ ಎಲ್ಲರ ತಲೆ ಒಟ್ಟಿಗೆ ಏಳುತ್ತಿತ್ತು. ಎರಡನೇ ವಾರ ಅಲ್ಲಿ ಕೂತಿದ್ದಾಗ ಮಂಗಳ ಮೊದಲ ಸಲ ಬಾಯಿಬಿಟ್ಟಳು. "ಕಿತ್ತಳೆ ಸುಲಿದ್ ಕೊಡ್ಲಾ?" ಅಷ್ಟೇ. ಹೂಂ ಎಂದು ಕೈ ಚಾಚಿದೆ.

ಕಾಯಿಲೆಯ ಹೆಸರು ವೆಕ್ಸಾಸ್. ಅದಕ್ಕೆ ಹೆಸರಿಟ್ಟೇ ಕೆಲವು ವರ್ಷವಾಗಿದೆಯಂತೆ. ಬರುವುದು ಹೆಚ್ಚಾಗಿ ನನ್ನಂಥ ವಯಸ್ಸಾದ ಗಂಡಸರಿಗೆ. ಮೇಡಂ ನನ್ನ ಕೆಲಸ ಏನೆಂದು ಕೇಳಿದರು. ಚೀಟಿ ಕಟ್ಟುವುದು ಎಂದೆ. ಅವರು ಸ್ವಲ್ಪ ಯೋಚಿಸಿ ಹೇಳಿದರು.

"ಜೀವಕೋಶದೊಳಗೂ ಹಾಗೇ ಒಂದು ಚೀಟಿ ಇದೆ. ಯುಬಿಕ್ವಿಟಿನ್ ಅಂತ ಪುಟ್ಟ ಪ್ರೋಟೀನು, ಅದರ ಥರದ್ದೇ ಇನ್ನೂ ಕೆಲವು ಇವೆ. ಇವು ಬೇರೆ ಪ್ರೋಟೀನಿಗೆ ಅಂಟ್ಕೊಂಡ್ರೆ, ಯಾವುದನ್ನ ಒಡೀಬೇಕು, ಯಾವುದನ್ನ ಉಳಿಸ್ಕೋಬೇಕು ಅಂತ ಕೋಶಕ್ಕೆ ಗೊತ್ತಾಗುತ್ತೆ. ಮಜ್ಜೇಲಿ ಹುಟ್ಟೋ ಬಿಳಿ ಕಣ ಸರಿಯಾಗಿ ಬಲಿಯೋಕೆ ಈ ಚೀಟಿ ಬೇಕೇ ಬೇಕು. ನಿಮ್ಮ ಮಜ್ಜೆಯ ಕೆಲವು ತಾಯಿ ಕೋಶಗಳಲ್ಲಿ ಚೀಟಿ ಅಂಟಿಸೋ ಕೆಲಸ ಶುರು ಮಾಡೋ ಜೀನೇ ಕೆಟ್ಟಿದೆ."

"ಹಾಗಾದ್ರೆ ಚೀಟಿ ಇಲ್ದಲೇ ಹೊರಗೆ ಹೋಗ್ತಿವೆ."

"ಹೌದು. ಅರೆಬರೆ ಬಲಿತು, ಸಿಟ್ಟಿಗೆದ್ದು ಹೋಗ್ತಿವೆ. ಕಿವಿ, ಚರ್ಮ, ಶ್ವಾಸಕೋಶ, ಸಿಕ್ಕಿದ ಕಡೆ ಬೆಂಕಿ ಹಚ್ತಿವೆ."

ಚೈತ್ರಾ ಗೋಡೆಗೆ ಒರಗಿ ನಿಂತಿದ್ದಳು. "ಮೇಡಂ, ಇದು ನಂಗೆ, ನನ್ ಮಗೂಗೆ..." ಎಂದು ನಿಲ್ಲಿಸಿದಳು. ಮೇಡಂ ತಲೆಯಾಡಿಸಿ, "ಇಲ್ಲ. ಹುಟ್ಟಿನಿಂದ ಬಂದಿದ್ದಲ್ಲ, ವಯಸ್ಸಾದ್ಮೇಲೆ ಅವರೊಬ್ಬರ ಮಜ್ಜೇಲಿ ಆಗಿದ್ದು. ಮಕ್ಕಳಿಗೆ ಹೋಗಲ್ಲ" ಅಂದರು. ಮಗಳು ಮುಖ ಮುಚ್ಚಿಕೊಂಡು ಅತ್ತಳು. ಆ ಇಡೀ ವರ್ಷದಲ್ಲಿ ನನಗೆ ಸಿಕ್ಕ ಒಂದೇ ಒಳ್ಳೆಯ ಸುದ್ದಿ ಅದು. ಮುಂದಿನ ಭಾನುವಾರ ಅವಳು ಮಗುವನ್ನು ಬಾಗಿಲಲ್ಲಿ ನಿಲ್ಲಿಸದೆ ತಂದು ನನ್ನ ತೊಡೆಯ ಮೇಲೆ ಕೂರಿಸಿದಳು. ಸ್ಟೀರಾಯ್ಡಿನಿಂದ ಊದಿದ ನನ್ನ ಮುಖ ನೋಡಿ ಮಗು ಹೆದರಿ ಕೂಗಿಕೊಂಡಿತು.

ಇದಕ್ಕೆ ಪೂರ್ತಿ ಗುಣವಾಗುವ ದಾರಿ ಒಂದೇ, ಬೇರೆಯವರ ಮಜ್ಜೆ ಹಾಕುವುದು. ನನ್ನ ತಮ್ಮ ಕೊಡಲು ತಯಾರಿದ್ದ. ಪರೀಕ್ಷೆಗಳೆಲ್ಲ ಆದ ಮೇಲೆ ಮೇಡಂ ನಮ್ಮನ್ನು ಕೂರಿಸಿಕೊಂಡು, ನನ್ನ ಶ್ವಾಸಕೋಶ ಅದನ್ನು ತಾಳುವುದಿಲ್ಲ ಎಂದರು. ಬಹಳ ದಿನ ಉರಿದು ಗಾಯವಾಗಿ ಗಟ್ಟಿಯಾಗಿದೆಯಂತೆ. ಮಂಗಳ, ಚೈತ್ರಾ ಹೊರಗೆ ಹೋದ ಮೇಲೆ ನಾನು ಹಿಂದೆ ಉಳಿದೆ.

"ಮೇಡಂ, ಆ ರಿಪೋರ್ಟ್ ಇಲ್ದೇ ಇದ್ದಿದ್ರೆ?"

ಅವರು ಪೆನ್ನಿಗೆ ಮುಚ್ಚಳ ಹಾಕಿದರು. ಸುಳ್ಳು ಹೇಳಬಹುದಿತ್ತು. "ಒಂದು ವರ್ಷ ಮುಂಚೆ ಮಜ್ಜೆ ನೋಡ್ತಿದ್ವಿ. ಆಗ ಶ್ವಾಸಕೋಶ ಇಷ್ಟು ಕೆಟ್ಟಿರ್ಲಿಲ್ಲ. ಟ್ರಾನ್ಸ್‌ಪ್ಲಾಂಟ್ ಬಗ್ಗೆ ಮಾತಾಡಬಹುದಿತ್ತು. ಆಗ್ತಿತ್ತು ಅಂತ ಹೇಳಲ್ಲ. ಮಾತಾಡಬಹುದಿತ್ತು."

ಈ ಮಾತನ್ನು ಮನೆಯಲ್ಲಿ ಹೇಳಿರಲಿಲ್ಲ. ಇದನ್ನು ಓದಿದಾಗ ಮಂಗಳಳಿಗೆ ಗೊತ್ತಾಗುತ್ತದೆ. ಇನ್ನು ಮುಚ್ಚಿಡುವ ಶಕ್ತಿ ನನಗಿಲ್ಲ.

ಕಾರ್ಖಾನೆಗೆ ಕಾಗದ ಬರೆದೆ. ರಿಪೋರ್ಟು ನನ್ನದಲ್ಲ, ಕಾರ್ಡಿನ ಗುಂಪು ತಪ್ಪು ಎಂದು ಬರೆದೆ, ಯಾರ ರಕ್ತ ಎಂದು ಬರೆಯಲಿಲ್ಲ. ನಿಂಗಪ್ಪ ತಾನೇ ಆಫೀಸಿಗೆ ಹೋಗಿ ಆ ರಕ್ತ ತನ್ನದು ಎಂದು ಹೇಳಿಬಂದನಂತೆ. ಅವನನ್ನು ಎರಡು ವಾರ ಕೆಲಸದಿಂದ ಹೊರಗಿಟ್ಟರು. ನಾನು ಮೊಹರನ್ನು ಚೈತ್ರಾಳ ಕೈಯಲ್ಲಿ ಕಳಿಸಿದೆ. ಶಾಲು ಬೇಡ ಎಂದು ಹೇಳಿ ಕಳಿಸಿದ್ದೆ, ಅವರೂ ಕೊಡಲಿಲ್ಲ.

ಈಗ ಸ್ಟೀರಾಯ್ಡು, ಜೊತೆಗೆ ಇನ್ನೊಂದು ಮಾತ್ರೆ, ಮೂರು ವಾರಕ್ಕೊಮ್ಮೆ ರಕ್ತ. ಸಕ್ಕರೆ ಕಾಯಿಲೆ ಬಂದಿದೆ, ಮೂಳೆ ಸವೆದಿದೆ. ರಕ್ತ ಏರಿಸಿಕೊಂಡ ಮೊದಲ ವಾರ ಅಂಗಡಿಯವರೆಗೆ ನಡೆಯುತ್ತೇನೆ, ಎರಡನೇ ವಾರ ಗೇಟಿನವರೆಗೆ, ಮೂರನೇ ವಾರ ಬಚ್ಚಲಿನವರೆಗೆ. ಎಷ್ಟು ದಿನ ಹೀಗೆ ಎಂದು ಮೇಡಂ ಅವರನ್ನು ನಾನು ಕೇಳಿಲ್ಲ, ಅವರೂ ಹೇಳಿಲ್ಲ. ಹೆದರಿಕೆ ಇಲ್ಲ ಎಂದರೆ ಸುಳ್ಳಾಗುತ್ತದೆ. ಮೂರನೇ ವಾರದಲ್ಲಿ ತುಂಬ ಹೆದರಿಕೆಯಾಗುತ್ತದೆ.

ರಕ್ತ ತೆಗೆದುಕೊಳ್ಳುವವರ ಕಡೆಯಿಂದ ಯಾರಾದರೂ ರಕ್ತ ಕೊಟ್ಟರೆ ಒಳ್ಳೆಯದು ಎಂದು ಬ್ಲಡ್ ಬ್ಯಾಂಕಿನವರು ಕೇಳುತ್ತಾರೆ. ನನ್ನ ತಮ್ಮ ಕೊಟ್ಟ, ಅಳಿಯ ಕೊಟ್ಟ. ಹೋದ ತಿಂಗಳು ನಾನು ಬ್ಲಡ್ ಬ್ಯಾಂಕಿನ ಮುಂದೆ ಕೂತಿದ್ದಾಗ ಬಾಗಿಲಲ್ಲಿ ನಿಂಗಪ್ಪ ಕಂಡ. ಮಂಗಳ ಫೋನ್ ಮಾಡಿದ್ದಳಂತೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಒಂದು ವರ್ಷದ ಮೇಲಾಗಿತ್ತು. ನನ್ನ ಮುಖ ಗುರುತು ಹತ್ತದೆ ಅವನು ಒಂದು ಕ್ಷಣ ತಡವರಿಸಿದ. ಆಮೇಲೆ ಬಂದು ನನ್ನ ಕಾಲ ಬಳಿ ಕುಕ್ಕರಗಾಲಲ್ಲಿ ಕೂತ.

"ನನ್ನ ರಕ್ತಾನ ನಿಮಗ ಉರುಲಾತ್ರಿ ಸರ. ಅವತ್ತ ನಾ ಒಲ್ಲೆ ಅಂದಿದ್ರ ಚಲೋ ಇತ್ತು."

"ನೀನು ಅಂದಿದ್ದೆ ಕಣೋ. ತೋರಿಸ್ಕೋರಿ ಅಂದಿದ್ದೆ. ಕೇಳದೇ ಇದ್ದವನು ನಾನು. ಮೇಲೆ ಕೂತ್ಕೋ ಮೊದ್ಲು."

ಅವನು ಕಣ್ಣು ಒರೆಸಿಕೊಂಡು ಎದ್ದ. "ನಂದು ನಿಮಗ ಬರೂದಿಲ್ಲ ಅಂತ ಗೊತ್ತೈತ್ರಿ. ಯಾರಿಗರ ಆಗ್ಲಿ ಬಿಡ್ರಿ."

ಒಳಗೆ ರಕ್ತ ತೆಗೆಯಲು ಇದ್ದವಳು ರೂಪಾ. ನಿಂಗಪ್ಪ ಮಂಚದ ಮೇಲೆ ಮಲಗಿ ತೋಳು ಚಾಚಿದ. ನನ್ನನ್ನೂ ಪಕ್ಕದಲ್ಲಿ ಕುರ್ಚಿ ಹಾಕಿ ಕೂರಿಸಿದಳು. ಅವಳಿಗೆ ಅವನು ಯಾರೆಂದು ಗೊತ್ತಿರಲಿಲ್ಲ. ಎಲ್ಲರಿಗೂ ಕೇಳುವ ಹಾಗೆ ಅವನಿಗೂ ಕೇಳಿದಳು.

"ಹೆಸ್ರು ಹೇಳಿ ಅಣ್ಣ."

ನಿಂಗಪ್ಪ ನನ್ನ ಕಡೆ ನೋಡಿದ. ನಾನು ಹೇಳು ಎಂಬಂತೆ ತಲೆಯಾಡಿಸಿದೆ. ಅವನು ತನ್ನ ಹೆಸರು ಹೇಳಿದ, ಅಪ್ಪನ ಹೆಸರು ಹೇಳಿದ, ಊರಿನ ಹೆಸರನ್ನೂ ಹೇಳಿದ. ರೂಪಾ ಚೀಟಿ ಬರೆದು ಟ್ಯೂಬಿಗೆ ಅಂಟಿಸಿದಳು. ಆಮೇಲೆ ಏನನ್ನಿಸಿತೋ, ಆ ಟ್ಯೂಬನ್ನು ನನ್ನ ಕಣ್ಣ ಹತ್ತಿರ ಹಿಡಿದು, "ಸರಿ ಇದೆಯಾ ನೋಡಿ ಅಂಕಲ್" ಅಂದಳು.

ಕನ್ನಡಕ ಹಾಕಿಕೊಂಡೆ. ಎರಡು ಸಲ ಓದಿದೆ. ಸರಿ ಇತ್ತು.